ಊಟದ ಮೆಟ್ಟಿಲ ಮೇಲಿನ ಪಾದ

ರಾಮನಗರದ ಸಾಬೀರನಿಗೆ ನೀರು ಹೊಸದೇನಲ್ಲ. ಅಪ್ಪನ ಕಾಲದಿಂದ ಬಂದ ರೇಷ್ಮೆ ರೀಲಿಂಗ್ ಘಟಕ ಅವನದು. ಬೆಂದ ಗೂಡಿನಿಂದ ಎಳೆ ಬಿಡಿಸುತ್ತ ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ಅವನ ಬೆರಳ ತುದಿಗಳು ನೆನೆಹಾಕಿದ ಅವರೆಕಾಳಿನ ಹಾಗೆ ಬಿಳುಚಿ, ಸುಕ್ಕಾಗಿ, ಹಾಗೇ ಉಳಿದುಬಿಟ್ಟಿದ್ದವು. ಅಂಥವನು ಒಂದು ಭಾನುವಾರ ರಜಾ ಸಿಕ್ಕಿತೆಂದರೆ ಮತ್ತೆ ನೀರಿಗೇ ಹೋಗಿ ಬೀಳುತ್ತಾನಲ್ಲ, ಈ ಮನುಷ್ಯನಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂಬುದು ಹೆಂಡತಿ ಸಫೂರಾಳ ಪ್ರಶ್ನೆ. ಆ ಪ್ರಶ್ನೆ ಕೇಳುತ್ತಲೇ ಅವಳು ಇಬ್ಬರಿಗೆ ಸಾಲುವಷ್ಟು ಚಪಾತಿ, ಮೊಟ್ಟೆ ಪಲ್ಯ ಕಟ್ಟಿಕೊಟ್ಟಿದ್ದಳು ಎನ್ನುವುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಇಬ್ಬರಲ್ಲಿ ಇನ್ನೊಬ್ಬ ನಟರಾಜು. ಹೈಸ್ಕೂಲಿನಲ್ಲಿ ಸಾಬೀರನ ಬೆಂಚಿನಲ್ಲೇ ಕೂರುತ್ತಿದ್ದವನು, ಈಗ ಅಗ್ನಿಶಾಮಕ ದಳದಲ್ಲಿದ್ದಾನೆ. ಬೆಂಕಿ ಆರಿಸಿದ್ದಕ್ಕಿಂತ ಕೆರೆಬಾವಿಗೆ ಬಿದ್ದವರನ್ನು ಮೇಲೆತ್ತಿದ್ದೇ ಹೆಚ್ಚು. ಎತ್ತಿ ಎತ್ತಿ ಸಾಕಾಗಿ, ಮೂರು ವರ್ಷದ ಹಿಂದೆ ಒಂದು ದಿನ, "ಒಂದು ಸಲನಾರ ಜೀವ ಇರೋದನ್ನ ನೋಡಕ್ಕೆ ಅಂತ ನೀರಿಗೆ ಇಳೀಬೇಕು ಕಣ್ಲಾ" ಎಂದು ಸಾಬೀರನನ್ನು ಮುರುಡೇಶ್ವರಕ್ಕೆ ಎಳೆದುಕೊಂಡು ಹೋದ. ಇಬ್ಬರೂ ಬೆನ್ನಿಗೆ ಸಿಲಿಂಡರು ಕಟ್ಟಿ ಸಮುದ್ರದಲ್ಲಿ ಮುಳುಗುವುದನ್ನು ಕಲಿತರು. ನಟರಾಜು ಅಷ್ಟಕ್ಕೇ ತೃಪ್ತ. ಸಾಬೀರನಿಗೆ ಮಾತ್ರ ಹುಚ್ಚು ಹಿಡಿಯಿತು. ಹಳೆಯ ಕ್ಯಾಮೆರಾ ಒಂದನ್ನೂ ಅದಕ್ಕೆ ನೀರು ಹೋಗದಂಥ ಡಬ್ಬಿಯನ್ನೂ ಕೊಂಡ. ಅಂದಿನಿಂದ ಮೀನು ಕಂಡರೆ ಅವನಿಗೆ ಹಸಿವಾಗುವುದಿಲ್ಲ, ಫೋಟೋ ತೆಗೆಯಬೇಕೆನ್ನಿಸುತ್ತದೆ.

ಆದರೆ ಈ ಭಾನುವಾರ ಮೀನಿನ ಫೋಟೋಗೆ ಹೊರಟದ್ದಲ್ಲ. ಕೂಟಗಲ್ ಕಡೆಯ ಒಂದು ಹಳೆಯ ಕಲ್ಲು ಕ್ವಾರಿಗೆ ಹೊರಟಿದ್ದರು. ಕೆಲಸ ನಿಂತು ಹದಿನೈದು ವರ್ಷವಾಗಿ, ಪಂಪು ಕಿತ್ತುಕೊಂಡು ಹೋದ ಮೇಲೆ ಒರತೆ ನೀರು ಮಳೆ ನೀರು ಸೇರಿ ಗುಂಡಿ ತುಂಬಿಕೊಂಡಿತ್ತು. ಸೋಮವಾರದಿಂದ ಅದಕ್ಕೆ ಬೆಂಗಳೂರಿನ ಒಡೆದ ಕಟ್ಟಡಗಳ ಮಣ್ಣು, ಇಟ್ಟಿಗೆ ತಂದು ಸುರಿಯುತ್ತಾರೆ ಎಂದು ಗೊತ್ತಾಗಿತ್ತು. ಅಂದರೆ ಉಳಿದಿದ್ದು ಅದೊಂದೇ ದಿನ.

ಈ ಸುದ್ದಿ ಕಿವಿಗೆ ಬಿದ್ದ ದಿನವೇ ನಟರಾಜುವಿನ ತಾಯಿ ಚಿನ್ನಮ್ಮ ನಲವತ್ತು ವರ್ಷ ಬಾಯಿ ಬಿಡದ ಮಾತೊಂದನ್ನು ಬಿಟ್ಟಳು. ಗಂಡ ಚಲುವಯ್ಯ ಅದೇ ಕ್ವಾರಿಯಲ್ಲಿ ಉಳಿ ಸುತ್ತಿಗೆ ಹಿಡಿದು ಕಲ್ಲು ಸೀಳುತ್ತಿದ್ದವನು. ನಟರಾಜುವಿಗೆ ಎರಡು ತುಂಬುವ ಮೊದಲೇ ಬಂಡೆ ಜಾರಿ ತೀರಿಕೊಂಡಿದ್ದ. ಚಿನ್ನಮ್ಮ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಕೆಂಗಲ್ಲಿನ ತವರಿಗೆ ಬಂದವಳು ಮತ್ತೆ ಆ ದಿಕ್ಕಿಗೆ ಮುಖ ಹಾಕಿರಲಿಲ್ಲ. ಚಲುವಯ್ಯನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ.

"ನಿನ್ನ ಪಾದ ಐತೆ ಕಣಪ್ಪ ಅಲ್ಲಿ" ಎಂದಿದ್ದಳು ಚಿನ್ನಮ್ಮ. "ಮಗ ತಾನಾಗೇ ಎದ್ದು ನಿಂತ ದಿನ ಎತ್ಕೊಂಡೋಗಿ ಬಂಡೆ ಮ್ಯಾಲೆ ನಿಲ್ಲಿಸಿ, ಕಾಲು ಸುತ್ತ ಗೆರೆ ಎಳ್ದು ಕಡ್ಯೋರು. ಬಂಡೆ ಅಂಗೆ ಕಾಲು ಗಟ್ಟಿಯಾಗ್ಲಿ ಅಂತ. ಕಲ್ಲು ಕೆಲಸದೋರೆಲ್ಲ ಮಾಡೋರು. ನಿಮ್ಮಪ್ಪನೂ ಮಾಡ್ದ."

"ಎಲ್ಲವ್ವಾ? ಯಾವ ಜಾಗದಲ್ಲಿ?"

"ಬಸರಿ ಮರದ ನೇರಕ್ಕೆ ಮೂರಾಳು ಕೆಳಗೆ ಒಂದು ಮೆಟ್ಲು ಐತೆ. ಅಲ್ಲೇ ನಾವೆಲ್ಲ ಊಟಕ್ಕೆ ಕುಂತ್ಕೊತಿದ್ದೊ." ಆಮೇಲೆ ಸಾಬೀರನ ಕಡೆ ತಿರುಗಿ, "ಸಾಬೀರಪ್ಪ, ಪಾದ ಒಂದೇ ಅಲ್ಲ, ಆ ಮೆಟ್ಲೆಲ್ಲಾ ಬರಂಗೆ ತೆಗಿ. ಅಗಲಕ್ಕೆ ತೆಗಿ" ಎಂದಿದ್ದಳು.

ಮುದುಕಿಗೂ ಫೋಟೋದ ಮರ್ಮ ಗೊತ್ತಿದೆ ಎಂದು ಸಾಬೀರ ನಕ್ಕಿದ್ದ. ಹೆಚ್ಚು ಯೋಚಿಸಲಿಲ್ಲ.

ನಟರಾಜುವಿಗೆ ಆ ಮಾತು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗಿರಲಿಲ್ಲ. ಬೆಂಗಳೂರಿನಿಂದ ಬಾಡಿಗೆಗೆ ಸಿಲಿಂಡರು ತಂದ. ಡ್ಯೂಟಿಯಲ್ಲಿ ಎಂಥ ಬಾವಿಗಾದರೂ ತಣ್ಣಗೆ ಇಳಿಯುವ ಗಂಡಸು, ಅವತ್ತು ಬೆಳಿಗ್ಗೆ ಕ್ವಾರಿಯ ದಡದಲ್ಲಿ ನಿಂತು ಸೊಂಟದ ಬೆಲ್ಟಿಗೆ, ನೀರಲ್ಲಿ ಮುಳುಗಲು ಭಾರಕ್ಕೆಂದು, ಸೀಸದ ತುಂಡು ಪೋಣಿಸುವಾಗ ಎರಡು ಸಲ ಎಣಿಕೆ ತಪ್ಪಿದ.

"ಲೇ, ಇದು ಸಿಹಿನೀರು. ಸಮುದ್ರದಲ್ಲಿ ಕಟ್ಟಿದಷ್ಟು ಇಲ್ಲಿ ಕಟ್ಟಿದ್ರೆ ಸೀದಾ ಪಾತಾಳಕ್ಕೇ ಓಯ್ತೀಯ. ಎರಡು ತುಂಡು ತಗಿ" ಎಂದ ಸಾಬೀರ.

"ನಂಗೇ ಹೇಳ್ಕೊಡ್ತೀಯೇನ್ಲಾ?"

"ಹೇಳ್ಕೊಡ್ಬೇಕಾಗೈತೆ ಇವತ್ತು."

ನಟರಾಜು ಬೈಯಲಿಲ್ಲ, ಎರಡು ತುಂಡು ತೆಗೆದಿಟ್ಟ. ಬಾಯಿಗೆ ಬಾಯಿ ಕೊಡದ ನಟರಾಜುವನ್ನು ಸಾಬೀರ ನೋಡಿದ್ದು ಅದೇ ಮೊದಲು. ಆಗಲೇ ಅವನಿಗೆ ಹೆದರಿಕೆ ಶುರುವಾಯಿತು. ಹುಡುಕಿದ್ದು ಸಿಗದಿದ್ದರೆ? ನಲವತ್ತಮೂರು ವರ್ಷ ಅಪ್ಪನದು ಎನ್ನುವ ಒಂದು ಚೂರು ವಸ್ತುವೂ ಇಲ್ಲದೆ ಬದುಕಿದವನು ಇವತ್ತು ಬರಿಗೈಯಲ್ಲಿ ಮೇಲೆ ಬಂದರೆ, ಆ ಮುಖವನ್ನು ತಾನು ಹೇಗೆ ನೋಡುವುದು?

ಬಸರಿ ಮರದ ಬುಡಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದು ಇಬ್ಬರೂ ದಡದಿಂದಲೇ ನೀರಿಗಿಳಿದರು. ಮೇಲಿನ ನೀರು ಬೆಚ್ಚಗಿತ್ತು. ಎದೆಮಟ್ಟ ದಾಟಿದ ಮೇಲೆ ತಣ್ಣಗಾಯಿತು, ತಲೆ ಮುಳುಗಿದ ಮೇಲೆ ಹಸಿರಾಯಿತು. ಬಿಸಿಲು ಕೋಲುಕೋಲಾಗಿ ಕೆಳಗಿಳಿದಿತ್ತು. ಕಿರುಬೆರಳುದ್ದದ ಮೀನುಗಳು ಗುಂಪುಗುಂಪಾಗಿ ಬಂದು ಇವರ ಬಾಯಿಂದ ಹೊರಡುವ ಗುಳ್ಳೆಗಳನ್ನು ಮುತ್ತಿದವು. ಒಂದು ಗುಂಪಂತೂ ನಟರಾಜುವಿನ ಕಿವಿಯ ಕೂದಲು ಕಚ್ಚಿ ಎಳೆಯತೊಡಗಿತು. ಸಾಬೀರ ತಡೆಯಲಾರದೆ ಅದರದ್ದೂ ನಾಲ್ಕು ಫೋಟೋ ತೆಗೆದ. ಇನ್ನೂ ಕೆಳಗೆ ಯಾರೋ ತಳ್ಳಿಹೋಗಿದ್ದ ಸ್ಕೂಟರೊಂದು ಹ್ಯಾಂಡಲಿಗೆ ಪಾಚಿ ಸುತ್ತಿಕೊಂಡು ನಿಂತಿತ್ತು. ನಟರಾಜು ಅದರ ಹಾರನ್ನು ಒತ್ತಿ ನೋಡಿದ. ಅಂಥ ಹೊತ್ತಿನಲ್ಲೂ ಆ ಬುದ್ಧಿ ಅವನನ್ನು ಬಿಟ್ಟಿರಲಿಲ್ಲ.

ಮೂರಾಳು ಎಂದು ಚಿನ್ನಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಗೋಡೆಯಂಥ ಬಂಡೆ ಅಲ್ಲಿ ಒಳಗೆ ಸರಿದು, ಹತ್ತು ಜನ ಸಾಲಾಗಿ ಕೂರುವಷ್ಟು ಅಗಲದ ಮೆಟ್ಟಿಲು ಬಿಟ್ಟಿತ್ತು. ಅದರ ಮೇಲೆ ಹದಿನೈದು ವರ್ಷದ ಕೆಸರು ಅಂಗೈ ದಪ್ಪಕ್ಕೆ ಕೂತಿತ್ತು.

ಇಲ್ಲಿ ಸಾಬೀರ ಎಡವಟ್ಟು ಮಾಡಿದ. ರೀಲಿಂಗ್ ಮಾಡುವವರ ಕೈಗೆ ಒಂದು ಅಭ್ಯಾಸವಿದೆ. ಬೆಂದ ಗೂಡು ತೇಲುವ ನೀರಿನಲ್ಲಿ ಎಳೆಯ ತುದಿ ಕಾಣಿಸದಿದ್ದರೆ ಕೈಯನ್ನು ಚಕಚಕನೆ ಸುತ್ತ ಆಡಿಸುತ್ತಾರೆ. ತುದಿ ತಾನಾಗಿ ಬಂದು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ನೀರಿನೊಳಗೆ ಏನೋ ಹುಡುಕಬೇಕು ಎಂದ ಕೂಡಲೇ ಸಾಬೀರನ ಕೈ ಅವನನ್ನು ಕೇಳದೆಯೇ ಅದನ್ನು ಮಾಡಿಬಿಟ್ಟಿತು. ಕೆಸರೆಲ್ಲ ಭುಗ್ಗೆಂದು ಎದ್ದಿತು. ಒಂದೇ ನಿಮಿಷದಲ್ಲಿ ಅವನಿಗೆ ತನ್ನ ಕೈಯಲ್ಲಿದ್ದ ಕ್ಯಾಮೆರಾವೇ ಕಾಣದಾಯಿತು. ಆ ಕತ್ತಲಲ್ಲಿ ನಟರಾಜುವಿನ ಕೈ ಬಂದು ಅವನ ತಲೆಗೆ ಒಂದು ಮೊಟಕಿತು. ನೀರಿನಲ್ಲಿ ಮೊಟಕಿದರೆ ನೋವಾಗುವುದಿಲ್ಲ, ಆದರೂ ಸಾಬೀರನಿಗೆ ಬೇಕಾದಷ್ಟು ನೋವಾಯಿತು.

ಹಗ್ಗ ಹಿಡಿದು ಅಲ್ಲಾಡದೆ ಕಾದರು. ಸಿಲಿಂಡರಿನ ಗಾಳಿ ಉಸಿರುಸಿರಿಗೂ ಇಳಿಯುತ್ತಿತ್ತು. ಅರ್ಧ ಮುಗಿಯುವ ಹೊತ್ತಿಗೆ ನೀರು ಸ್ವಲ್ಪ ತಿಳಿಯಾಯಿತು. ಆಮೇಲೆ ನಟರಾಜು ಸಾಬೀರನನ್ನು ದೂರ ನಿಲ್ಲಿಸಿ, ತಾನೇ ಒಂದೊಂದು ಗೇಣು ಜಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಕೆಸರನ್ನು ಅಂಚಿಗೆ ಜಾರಿಸುತ್ತ ಹೋದ. ಸತ್ತವರನ್ನು ಹುಡುಕಿ ಹುಡುಕಿ ಕಲಿತ ನಿಧಾನ ಅದು.

ಮೆಟ್ಟಿಲಿನ ಮೂಲೆಯಲ್ಲಿ ಅವನ ಕೈ ನಿಂತಿತು.

ಸಾಬೀರ ಹತ್ತಿರ ಹೋಗಿ ನೋಡಿದ. ಕರಿಬಂಡೆಯೊಳಗೆ ಒಂದು ಪುಟ್ಟ ಪಾದ ಇಳಿದಿತ್ತು. ಹಿಮ್ಮಡಿಯ ಗುಂಡು, ಐದು ಬೆರಳು, ಬೆರಳಿಗೊಂದೊಂದು ಉಗುರು ಕೂಡ. ಅಷ್ಟು ಸಣ್ಣ ಉಗುರನ್ನು ಕಲ್ಲು ಸೀಳುವ ಉಳಿಯಲ್ಲಿ ಹೇಗೆ ಕಡೆದನೋ ಆ ಮನುಷ್ಯ! ನಟರಾಜು ಮೂರು ಬೆರಳನ್ನು ಆ ಹಿಮ್ಮಡಿಯ ಗುಳಿಯಲ್ಲಿಟ್ಟ. ಅವನ ಬಾಯಿಂದ ಗುಳ್ಳೆ ಬರುವುದು ನಿಂತೇಹೋಯಿತು, ಆಮೇಲೆ ಒಟ್ಟಿಗೇ ಬುಗುಬುಗು ಎಂದು ಬಂತು. ನಗುತ್ತಿದ್ದನೋ ಅಳುತ್ತಿದ್ದನೋ, ಮುಳುಗುವಾಗ ಹಾಕಿದ್ದ ಕನ್ನಡಕದೊಳಗೆ ಮಾತ್ರ ನೀರು ತುಂಬಿಕೊಂಡಿತ್ತು.

ನೀರಿನಲ್ಲಿ ದೂಳಿರುವಾಗ ಎದುರಿನಿಂದ ಬೆಳಕು ಬಿಟ್ಟರೆ ಫೋಟೋದಲ್ಲಿ ದೂಳೇ ಬರುತ್ತದೆ. ಹಾಗಾಗಿ ಸಾಬೀರ ಟಾರ್ಚನ್ನು ನಟರಾಜುವಿನ ಕೈಗೆ ಕೊಟ್ಟು, ಬಂಡೆಗೆ ಮಲಗಿಸಿದಂತೆ ಪಕ್ಕದಿಂದ ಹಿಡಿಯಲು ಸನ್ನೆ ಮಾಡಿದ. ಅಗಲಕ್ಕೆ ತೆಗಿ ಎಂದ ಮಾತು ನೆನಪಾಗಿ ಒಂದಿಷ್ಟು ದೂರ ಸರಿದು ಇಡೀ ಮೂಲೆ ಬರುವಂತೆ ಹತ್ತಾರು ಫೋಟೋ ತೆಗೆದ. ಅಷ್ಟರಲ್ಲಿ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಬಂತು. ಮೇಲೆ ಹೋಗೋಣ ಎಂದು ಹೆಬ್ಬೆರಳು ತೋರಿಸಿದರೂ ನಟರಾಜು ಕದಲಲಿಲ್ಲ. ಸಾಬೀರ ತೋಳು ಹಿಡಿದು ಎಳೆಯಬೇಕಾಯಿತು.

ದಡಕ್ಕೆ ಬಂದವನೇ ನಟರಾಜು ಒದ್ದೆ ಮೈಯಲ್ಲೇ ತಾಯಿಗೆ ಫೋನು ಹಚ್ಚಿದ.

"ಅವ್ವಾ, ಸಿಕ್ತು ಕಣವ್ವಾ! ಉಗುರು ಸಮೇತ ಕಡ್ದವ್ನೆ, ಉಗುರು ಸಮೇತ!"

ಆ ಕಡೆಯಿಂದ ಮೂಗು ಸೇದಿದ ಸದ್ದು ಬಂತು. ಆಮೇಲೆ "ಬಿರ್ನೆ ತಕಬಾ" ಎಂದಷ್ಟೇ ಹೇಳಿ ಚಿನ್ನಮ್ಮ ಫೋನು ಇಟ್ಟಳು.

"ಅಳ್ತಾವ್ಳೆ ಕಣ್ಲಾ" ಎಂದ ನಟರಾಜು. ಚಪಾತಿ ಬಿಚ್ಚಿ, ತುತ್ತು ಕೈಯಲ್ಲಿ ಹಿಡಿದುಕೊಂಡು ತಿನ್ನುವುದನ್ನೇ ಮರೆತು ಮಾತಾಡತೊಡಗಿದ. "ನಾನು ಏನಂದ್ಕೊಂಡಿದ್ದೆ ಗೊತ್ತಾ? ನಮ್ಮಪ್ಪಂಗೆ ನನ್ ಮ್ಯಾಲೆ ಏನು ಗ್ಯಾನ ಇದ್ದಿರ್ತದೆ, ಕೂಲಿ ಮಾಡ್ಕೊಂಡು ಸುಸ್ತಾಗಿ ಬಿದ್ಕೊತಿದ್ದ, ಅಷ್ಟೇಯ ಅಂತ. ಉಗುರು ಕಡ್ದವ್ನಲ್ಲೋ! ಕಲ್ಲೊಡೆಯೋ ಕೆಲಸದ ಮಧ್ಯ ಕುಂತ್ಕೊಂಡು ಎಷ್ಟು ದಿನ ಕಡ್ದಿರ್ಬೇಕು! ಅಷ್ಟು ದಿನ ನನ್ನ ಬಗ್ಗೇನೇ ಯೋಚ್ನೆ ಮಾಡವ್ನೆ."

ಉಂಡು ಮರದ ನೆರಳಲ್ಲಿ ಅಡ್ಡಾದವನಿಗೆ ಐದೇ ನಿಮಿಷದಲ್ಲಿ ನಿದ್ದೆ ಹತ್ತಿತು. ಸಾಬೀರ ಕ್ಯಾಮೆರಾದ ಫೋಟೋಗಳನ್ನು ಮೊಬೈಲಿಗೆ ಇಳಿಸಿಕೊಂಡು ಒಂದೊಂದೇ ನೋಡುತ್ತ ಕೂತ. ಏಳನೆಯದರಲ್ಲಿ ಅವನ ಬೆರಳು ನಿಂತಿತು.

ಪುಟ್ಟ ಪಾದದ ಪಕ್ಕ ಒಂದು ಗೇಣು ಬಿಟ್ಟು ಇನ್ನೊಂದು ಪಾದ ಇತ್ತು, ಎರಡೂ ಬಲಗಾಲಿನವೇ. ನೀರಿನೊಳಗೆ ಕಂಡಿರಲಿಲ್ಲ, ಪಕ್ಕದ ಬೆಳಕಿಗೆ ಅದರ ಗೆರೆ ನೆರಳು ಬಿಟ್ಟು ಈಗ ಎದ್ದು ಬಂದಿತ್ತು. ಅದು ಪಾದ ಎನ್ನುವುದಕ್ಕಿಂತ ಪಾದದ ಗೆರೆ. ಅಂಕುಡೊಂಕು, ಮೇಲುಮೇಲಿನ ಉಳಿಯ ಏಟು, ಉಗುರಿಲ್ಲ. ಬೆರಳು ಐದಿರಬೇಕಾದಲ್ಲಿ ನಾಲ್ಕೇ. ಹೆಬ್ಬೆರಳಿನ ಪಕ್ಕದ್ದು ಎರಡು ಬೆರಳಿನಷ್ಟು ದಪ್ಪ.

ಸಾಬೀರ ತಲೆಯೆತ್ತಿ ಮಲಗಿದ್ದವನ ಕಾಲು ನೋಡಿದ. ನೋಡಬೇಕಾಗಿಯೇ ಇರಲಿಲ್ಲ. ನಟರಾಜುವಿನ ಬಲಗಾಲಿನ ಎರಡನೆಯ ಮೂರನೆಯ ಬೆರಳು ಹುಟ್ಟಿನಿಂದಲೇ ಅಂಟಿಕೊಂಡಿವೆ. ಶಾಲೆಯಲ್ಲಿ ಬಾತುಕೋಳಿ ಎಂದು ರೇಗಿಸಿ ಅವನಿಂದ ಏಟು ತಿಂದವರಲ್ಲಿ ಸಾಬೀರನೂ ಒಬ್ಬ.

ಉಗುರು ಸಮೇತ ಕಡೆದ ಪಾದ ನಟರಾಜುವಿನದಲ್ಲ. ಇನ್ಯಾರದೋ ಕೂಸಿನದು. ಇವನ ಪಾಲಿನದು ಈ ಅರೆಬರೆ ಗೆರೆ.

ಸಾಬೀರ ಫೋಟೋವನ್ನು ಹಿರಿದು ಮಾಡಿ ಮತ್ತೊಮ್ಮೆ ನೋಡಿದ. ಯಾರೋ ಬೇರೆ ಕಲ್ಲು ಕೆಲಸದವನು ತನ್ನ ಮಗುವಿಗೆ ಅಷ್ಟು ಪ್ರೀತಿಯಿಂದ ಕಡೆದಿದ್ದಾನೆ, ಅದರ ಪಕ್ಕ ಚಲುವಯ್ಯ ಶಾಸ್ತ್ರಕ್ಕೆ ನಾಲ್ಕು ಏಟು ಹೊಡೆದು ಎದ್ದುಹೋಗಿದ್ದಾನೆ. ಇದನ್ನು ನಟರಾಜುವಿಗೆ ಹೇಳುವುದಾದರೂ ಹೇಗೆ? ನಾಳೆ ಆ ಮೆಟ್ಟಿಲಿನ ಮೇಲೆ ಇಟ್ಟಿಗೆ ಚೂರು ಬೀಳುತ್ತದೆ, ಇನ್ನು ಜನ್ಮದಲ್ಲಿ ಯಾರೂ ಹೋಗಿ ನೋಡುವುದಿಲ್ಲ. ಒಬ್ಬ ಮನುಷ್ಯ ಒಂದು ಸಂತೋಷ ಇಟ್ಟುಕೊಂಡು ಬದುಕಿದರೆ ಯಾರ ಗಂಟು ಹೋಗುತ್ತದೆ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡು, ಫೋಟೋದ ಬಲಗಡೆಯನ್ನು ಬೆರಳಿನಿಂದ ಒಳಕ್ಕೆ ಸರಿಸಿ ಕತ್ತರಿಸಿಬಿಟ್ಟ. ಉಗುರಿನ ಪಾದ ಒಂದೇ ಉಳಿಯಿತು. ನಟರಾಜು ಎದ್ದಾಗ ಅದನ್ನೇ ಅವನ ಫೋನಿಗೆ ಕಳಿಸಿದ. ಗೆಳೆಯರು ಹೀಗೆ ಕರುಣೆಯಿಂದ ಮಾಡುವ ತಪ್ಪುಗಳಿಗೆ ಬೈಯಲೂ ಬಾಯಿ ಬರುವುದಿಲ್ಲ.

ಸಂಜೆ ನಾಲ್ಕಕ್ಕೆ ಕೆಂಗಲ್ಲಿಗೆ ಬಂದರು. ಚಿನ್ನಮ್ಮ ಮುಖ ತೊಳೆದು, ಹೊಸ ಸೀರೆ ಉಟ್ಟು, ಪೊರೆ ತೆಗೆಸಿದ ಕಣ್ಣಿಗೆ ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕಾದಿದ್ದಳು. ನಟರಾಜು ಪಕ್ಕದಲ್ಲಿ ಕೂತು ಫೋನು ಅವಳ ಮಡಿಲಿಗಿಟ್ಟ.

ಅವಳು ನೋಡಿದಳು. ತೋರುಬೆರಳಿನಿಂದ ಒಂದೊಂದೇ ಉಗುರನ್ನು ಮುಟ್ಟಿದಳು. ಮುಟ್ಟಿದಾಗಲೆಲ್ಲ ಫೋಟೋ ಅತ್ತಿತ್ತ ಜರುಗಿತು, ನಟರಾಜು ಸರಿಮಾಡಿ ಕೊಟ್ಟ. ಆಮೇಲೆ ಬೆರಳನ್ನು ಫೋನಿನ ಬಲಗಡೆಯ ಅಂಚಿಗೆ ಒಯ್ದು ಅಲ್ಲೇ ಉಜ್ಜತೊಡಗಿದಳು.

"ಏನವ್ವಾ? ಅಷ್ಟೇಯ ಅದು."

"ಇದು ದೇವೀರಿದು" ಎಂದಳು ಚಿನ್ನಮ್ಮ. "ನಿಂದೆಲ್ಲಪ್ಪಾ?"

ನಟರಾಜುವಿಗೆ ಅರ್ಥವಾಗಲಿಲ್ಲ. ಅರ್ಥವಾದ ಸಾಬೀರನಿಗೆ ಜಗುಲಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

"ದೇವೀರಿ ಅಂದ್ರೆ ಯಾರವ್ವಾ?"

"ನಿನಗಿಂತ ಮುಂಚೆ ಹುಟ್ಟಿದ್ಲು" ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ಎದ್ದು ನಿಂತ್ಲು ಅಂತ ನಿಮ್ಮಪ್ಪ ಕುಣ್ದಾಡಿ ಎಂಟು ದಿನ ಊಟದ ಹೊತ್ನಲ್ಲಿ ಕುಂತು ಇದ್ನ ಕಡ್ದ. ಆರು ತಿಂಗಳೊಳಗೆ ವಾಂತಿಭೇದಿ ಬಂದು ಹೊಂಟೋದ್ಲು. ಅವಳ ಹೆಸರು ಎತ್ಬ್ಯಾಡ ಅಂದ್ಬುಟ್ಟ ನಿಮ್ಮಪ್ಪ. ಅವನಿದ್ದಾಗ ಅವನಿಗಾಗಿ ಎತ್ನಿಲ್ಲ, ಅವನೋದ ಮ್ಯಾಲೆ ಯಾರ ತಾವ ಎತ್ಲಿ? ನೋಡ್ಬೇಕು ಅನ್ನುಸ್ತು. ಮುಚ್ಚೋಕೆ ಮುಂಚೆ ಒಂದು ಸಲ ಮಗೀನ ಕಾಲು ನೋಡ್ಬೇಕು ಅನ್ನುಸ್ತು ಕಣಪ್ಪ."

ನಟರಾಜು ಫೋನನ್ನೇ ನೋಡುತ್ತಿದ್ದ. "ಅಂಗಾದ್ರೆ ನಂದು?"

ಸಾಬೀರ ತನ್ನ ಮೊಬೈಲು ತೆಗೆದು ಇಡೀ ಫೋಟೋವನ್ನು ಅವನ ಮುಂದೆ ಹಿಡಿದ. "ನಾನೇ ಕತ್ತರಿಸ್ದೆ ಕಣ್ಲಾ. ನಿಂಗೆ ಬೇಜಾರಾಗ್ಬಾರ್ದು ಅಂತ" ಎಂದ.

ನಟರಾಜು ಅವನತ್ತ ಒಂದು ಸಲ ದುರುಗುಟ್ಟಿ ನೋಡಿದ. ಬೈಯುತ್ತಾನೆ ಎಂದುಕೊಂಡ ಸಾಬೀರ; ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಮತ್ತೆ ಫೋಟೋದತ್ತ ತಿರುಗಿ, ಆ ಅಂಕುಡೊಂಕು ಗೆರೆಯನ್ನು, ಅಂಟಿದ ಬೆರಳನ್ನು ಹಿರಿದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ.

"ನಂದಕ್ಕೆ ಉಗುರಿಲ್ಲ" ಎಂದ. ನಲವತ್ತಮೂರರ ಗಂಡಸು ಹೇಳಿದ ಮಾತು ಅದು, ಆದರೆ ಕೇಳಿದ ಸಾಬೀರನಿಗೆ ನಾಲ್ಕು ವರ್ಷದ ಮಗು ಹೇಳಿದಂತೆ ಕೇಳಿಸಿತು.

ಚಿನ್ನಮ್ಮ ಮಗನ ತೊಡೆಯ ಮೇಲೆ ಕೈಯಿಟ್ಟಳು.

"ನಿಂದು ಕಡ್ಯಾಕಿಲ್ಲ ಅಂತ ಹಟ ಹಿಡಿದಿದ್ದ. ನಾನೇ ಗ್ವಾಗರೆದು ಕರ್ಕೊಂಡೋದೆ. ಉಳಿ ಹಿಡ್ಕಂಡ್ರೆ ಕೈ ನಡುಗ್ತಿತ್ತು ಕಣಪ್ಪ ನಿಮ್ಮಪ್ಪಂಗೆ. ಕಲ್ಲು ಕೆಲಸದೋನ ಕೈ ನಡುಗಿದ್ದು ನಾನು ಅವತ್ತೇ ನೋಡಿದ್ದು. ಇನ್ನೊಸಿ ಆಳವಾಗಿ ಕಡಿ ಅಂದ್ರೆ, ಬ್ಯಾಡ ಚಿನ್ನಿ, ಆಳವಾಗಿ ಕಡುದ್ರೆ ಇವನ್ನೂ ಬಂಡೆ ಮಡಿಕ್ಕತದೆ ಅಂದ. ಗೆರೆ ಎಳ್ದಿದ್ದೇ ತಡ ನಿನ್ನ ಬಾಚಿ ಎತ್ಕೊಂಡು ಮನೆಗಂಟ ಇಳಿಸ್ನಿಲ್ಲ. ಓಡ್ದ. ನಾನು ಉಳಿ ಸುತ್ತಿಗೆ ಎತ್ಕೊಂಡು ಹಿಂದೆ ಬಂದೆ."

ನಟರಾಜು ಒಂದು ಕಾಲನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು ಕೂತ. ಭುಜ ಅಲ್ಲಾಡುತ್ತಿತ್ತು. ಸಾಬೀರ ಎದ್ದು ಹೋಗಲೋ ಇರಲೋ ತಿಳಿಯದೆ ಅವನ ಬೆನ್ನ ಮೇಲೆ ಕೈಯಿಟ್ಟ. ನಟರಾಜು ಆ ಕೈಯನ್ನು ತಳ್ಳಲಿಲ್ಲ. ರಸ್ತೆಯಲ್ಲಿ ಮೈಸೂರು ಕಡೆಯ ಬಸ್ಸುಗಳು ಒಂದರ ಹಿಂದೊಂದು ಹೋದವು.

ಕಡೆಗೆ ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡು, ಫೋಟೋವನ್ನು ಮತ್ತೆ ತಾಯಿಯ ಮಡಿಲಿಗಿಟ್ಟು ಕೇಳಿದ.

"ಅಕ್ಕಂಗೆ ಎಷ್ಟು ವಯಸ್ಸಾಗಿತ್ತವ್ವಾ?"

ಗಡ್ಡ ನರೆತವನು ಹಾಲುಗೂಸೊಂದನ್ನು ಅಕ್ಕ ಎಂದಿದ್ದ. ಚಿನ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಳು.

"ಇನ್ನೊಂದು ಸಲ ಅನ್ನಪ್ಪ" ಎಂದಳು. "ಅವಳನ್ನ ಯಾರೂ ಅಂಗೆ ಕರ್ದಿರ್ನಿಲ್ಲ."